ಓಪನ್‌ಬಿಎಸ್‌ಡಿಯಲ್ಲಿ ಗ್ನೂಪಿಜಿ ಹಾಕಿದ ಮೇಲೂ ಹಳೆಯ ಕಡತಗಳು ತೆರೆಯುತ್ತಿಲ್ಲ. ಇಡೀ ಡಿಸ್ಕಿನ ಎನ್‌ಕ್ರಿಪ್ಷನ್ ಕೂಡ ಬೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಹುಕಾಲದಿಂದ ಲಿನಕ್ಸ್ ಬಳಸುತ್ತಿರುವ ನಾನು ಈಚೆಗೆ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿಕೊಂಡಿದ್ದೇನೆ. ಒಪ್ಪಂದಪತ್ರಗಳು, ಮನೆಯವರ ವೈದ್ಯಕೀಯ ವರದಿಗಳು, ಹಣಕಾಸಿನ ಲೆಕ್ಕಗಳು ಇವನ್ನೆಲ್ಲ ಗ್ನೂಪಿಜಿ ಎಂಬ ತಂತ್ರಾಂಶದಿಂದ ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಬೇರೆಯವರು ಓದಲಾಗದಂತೆ ಮಾಡಿಯೇ, ಇಟ್ಟುಕೊಳ್ಳುವುದು ನನ್ನ ರೂಢಿ. ಅವನ್ನು ಇನ್ನು ಮುಂದೆ ಈ ಯಂತ್ರದಲ್ಲೇ ಇಡಬೇಕೆಂಬ ಉದ್ದೇಶದಿಂದ ಈ ಕೆಲಸಕ್ಕೆ ಕೈಹಾಕಿದ್ದೇನೆ.

ಗ್ನೂಪಿಜಿ ಇಲ್ಲಿನ ಮೂಲ ವ್ಯವಸ್ಥೆಯ ಜೊತೆ ಬರುವುದಿಲ್ಲವಾದ್ದರಿಂದ ಪಿಕೆಜಿ_ಆ್ಯಡ್ ಆದೇಶದ ಮೂಲಕ ಅದನ್ನು ಹಾಕಿಕೊಂಡೆ. ಆ ಹಂತ ಯಾವ ಅಡ್ಡಿಯೂ ಇಲ್ಲದೆ ಮುಗಿಯಿತು. ಆವೃತ್ತಿ ಕೇಳಿದರೆ 2.4 ಸರಣಿಯದು ಎಂದು ತೋರಿಸುತ್ತದೆ. ಆಮೇಲೆ ಲಿನಕ್ಸ್ ಯಂತ್ರದ ಹೋಮ್ ಫೋಲ್ಡರಿನಲ್ಲಿದ್ದ ಡಾಟ್-ಗ್ನೂಪಿಜಿ ಫೋಲ್ಡರನ್ನು ಇಡಿಯಾಗಿ ನಕಲಿಸಿ ಇಲ್ಲಿಗೆ ತಂದೆ. ಕೀಲಿಗಳ ಪಟ್ಟಿ ಕೇಳಿದರೆ ಎನ್‌ಕ್ರಿಪ್ಟ್ ಮಾಡಲು ಬಳಸುವ ನನ್ನ ಸಾರ್ವಜನಿಕ ಕೀಲಿ, ಅದನ್ನು ಬಿಡಿಸಲು ಬೇಕಾದ ಖಾಸಗಿ ಕೀಲಿ ಎರಡೂ ಕಾಣುತ್ತವೆ. ಆದರೆ ಯಾವುದೇ ಕಡತವನ್ನು ಡಿಕ್ರಿಪ್ಟ್ ಮಾಡಲು ಹೊರಟರೂ ಗುಪ್ತವಾಕ್ಯವನ್ನು ಕೇಳದೆಯೇ "ಪಬ್ಲಿಕ್ ಕೀ ಡಿಕ್ರಿಪ್ಷನ್ ಫೇಲ್ಡ್: ನೋ ಪಿನ್‌ಎಂಟ್ರಿ" ಎಂದು ಹೇಳಿ ನಿಂತುಬಿಡುತ್ತದೆ. ಪಿನ್‌ಎಂಟ್ರಿ ಎಂಬ ಪ್ಯಾಕೇಜ್ ಯಂತ್ರದಲ್ಲಿ ಇದೆಯೆಂದು ಪಿಕೆಜಿ_ಇನ್ಫೋ ತೋರಿಸುತ್ತಿರುವಾಗ ಈ ದೂರು ಏಕೆ ಬರುತ್ತಿದೆಯೆಂಬುದು ನನಗೆ ತಿಳಿಯುತ್ತಿಲ್ಲ.

ಇನ್ನೊಂದು ಪ್ರಶ್ನೆಯೂ ಇದೆ. ಅನುಸ್ಥಾಪನೆಯ ಹೊತ್ತಿನಲ್ಲಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಕೆ ಎಂಬ ಪ್ರಶ್ನೆ ಬಂದಾಗ ಬೇಡವೆಂದು ಮುಂದುವರಿದಿದ್ದೆ. ಮುಖ್ಯ ಕಡತಗಳನ್ನು ಒಂದೊಂದಾಗಿ ಗ್ನೂಪಿಜಿಯಿಂದ ರಕ್ಷಿಸುತ್ತಿರುವಾಗ ಇಡೀ ಡಿಸ್ಕಿನ ಎನ್‌ಕ್ರಿಪ್ಷನ್ ನಿಜವಾಗಿ ಅಗತ್ಯವೆ? ಅಗತ್ಯವೆಂದಾದರೆ, ಈಗಾಗಲೇ ನಡೆಯುತ್ತಿರುವ ವ್ಯವಸ್ಥೆಯನ್ನು ಇದ್ದ ಹಾಗೆಯೇ ಎನ್‌ಕ್ರಿಪ್ಟ್ ಮಾಡಲು ದಾರಿಯಿದೆಯೆ? ಬ್ಯಾಕಪ್‌ಗೆಂದು ಒಂದು ಯುಎಸ್‌ಬಿ ಡಿಸ್ಕ್ ಕೂಡ ಇದೆ. ಅದರ ಬಗೆಗೂ ಸಲಹೆ ಬೇಕು. ತಿಳಿದವರು ದಯವಿಟ್ಟು ವಿವರಿಸಿ.


ಉತ್ತರ 1

ನಮಸ್ಕಾರ. ನಿಮ್ಮ ಮೊದಲ ತೊಂದರೆಗೆ ಕಾರಣ ಬಹುತೇಕ ನೀವು ಫೋಲ್ಡರನ್ನು ಇಡಿಯಾಗಿ ನಕಲಿಸಿದ್ದರಲ್ಲೇ ಇದೆ. ಕೆಳಗೆ ಆದೇಶಗಳ ಹೆಸರುಗಳನ್ನು ನಾವು ಉಚ್ಚರಿಸುವಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಿ.

ಗ್ನೂಪಿಜಿಯ 2.1 ಆವೃತ್ತಿ 2014ರಲ್ಲಿ ಬಂದಾಗಿನಿಂದ ಜಿಪಿಜಿ ಎಂಬ ಆದೇಶ ತಾನಾಗಿ ಖಾಸಗಿ ಕೀಲಿಯನ್ನು ಮುಟ್ಟುವುದಿಲ್ಲ. ಕೀಲಿಗಳೆಲ್ಲ ಜಿಪಿಜಿ-ಏಜೆಂಟ್ ಎಂಬ ಹಿನ್ನೆಲೆ ಪ್ರೋಗ್ರಾಮಿನ ವಶದಲ್ಲಿರುತ್ತವೆ, ಆ ಏಜೆಂಟ್ ಕೂಡ ಗುಪ್ತವಾಕ್ಯವನ್ನು ನೇರವಾಗಿ ನಿಮ್ಮನ್ನು ಕೇಳದೆ ಪಿನ್‌ಎಂಟ್ರಿ ಎಂಬ ಮೂರನೆಯ ಪುಟ್ಟ ಪ್ರೋಗ್ರಾಮನ್ನು ಕರೆದು ಅದರಿಂದ ಕೇಳಿಸುತ್ತದೆ. ಈ ಮೂರರ ನಡುವಿನ ಕೊಂಡಿ ಎಲ್ಲಿ ಕಳಚಿದರೂ ನಿಮಗೆ ಕಾಣುವುದು "ಡಿಕ್ರಿಪ್ಷನ್ ಫೇಲ್ಡ್" ಎಂಬ ಒಂದೇ ಬಗೆಯ ಸಾಲು. ಆದ್ದರಿಂದ ಕೀಲಿಯೋ ಕಡತವೋ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಕಡತದವರೆಗೆ ಕೆಲಸ ಇನ್ನೂ ಹೋಗಿಯೇ ಇಲ್ಲ.

ನೀವು ತಂದ ಫೋಲ್ಡರಿನಲ್ಲಿ ಜಿಪಿಜಿ-ಏಜೆಂಟ್ ಡಾಟ್ ಕಾನ್ಫ್ ಎಂಬ ಸಂರಚನಾ ಕಡತವಿದೆಯೇ ನೋಡಿ. ಅದರಲ್ಲಿ ಪಿನ್‌ಎಂಟ್ರಿ-ಪ್ರೋಗ್ರಾಮ್ ಎಂದು ಶುರುವಾಗುವ ಸಾಲಿದ್ದು, ಅದರ ಮುಂದೆ ಯುಎಸ್ಆರ್ ಒಳಗಿನ ಬಿನ್ ಫೋಲ್ಡರಿನ ವಿಳಾಸ ಇರುತ್ತದೆಂದು ನನ್ನ ಊಹೆ. ಲಿನಕ್ಸ್ ವಿತರಣೆಗಳಲ್ಲಿ ಅದು ಸರಿಯಾದ ಜಾಗ. ಓಪನ್‌ಬಿಎಸ್‌ಡಿಯಲ್ಲಿ ಮಾತ್ರ ಯುಎಸ್ಆರ್-ಬಿನ್ ಎಂಬುದು ಮೂಲ ವ್ಯವಸ್ಥೆಗೆ ಮೀಸಲು. ಪ್ಯಾಕೇಜಾಗಿ ಬಂದದ್ದೆಲ್ಲ ಯುಎಸ್ಆರ್ ಒಳಗಿನ ಲೋಕಲ್, ಅದರೊಳಗಿನ ಬಿನ್ ಫೋಲ್ಡರಿಗೆ ಹೋಗುತ್ತದೆ. ಹೀಗಾಗಿ ಏಜೆಂಟ್ ಇಲ್ಲದ ಜಾಗದಲ್ಲಿ ಪಿನ್‌ಎಂಟ್ರಿಯನ್ನು ಹುಡುಕಿ, ಸಿಗಲಿಲ್ಲವೆಂದು ಹೇಳುತ್ತಿದೆ. ಆ ಸಾಲನ್ನು ಯುಎಸ್ಆರ್-ಲೋಕಲ್-ಬಿನ್ ಒಳಗಿನ ಪಿನ್‌ಎಂಟ್ರಿ-ಕರ್ಸಸ್ ಎಂದು ತಿದ್ದಿ, ಬಳಿಕ ಜಿಪಿಜಿಕಾನ್ಫ್ ಆದೇಶಕ್ಕೆ ಕಿಲ್ ಆಯ್ಕೆ ಕೊಟ್ಟು ಜಿಪಿಜಿ-ಏಜೆಂಟನ್ನು ನಿಲ್ಲಿಸಿ. ಈಗಾಗಲೇ ಓಡುತ್ತಿರುವ ಏಜೆಂಟ್ ಹಳೆಯ ಸಂರಚನೆಯನ್ನೇ ಹಿಡಿದುಕೊಂಡಿರುತ್ತದೆಯಾದ್ದರಿಂದ ಈ ಎರಡನೆಯ ಹೆಜ್ಜೆಯನ್ನು ಬಿಟ್ಟರೆ ತಿದ್ದಿದ್ದು ವ್ಯರ್ಥವಾಗಿ ಕಾಣುತ್ತದೆ. ಮುಂದಿನ ಸಲ ಜಿಪಿಜಿ ಬಳಸಿದಾಗ ಏಜೆಂಟ್ ತಾನಾಗಿಯೇ ಮತ್ತೆ ಶುರುವಾಗುತ್ತದೆ.

ಇಷ್ಟು ಮಾಡಿದರೆ ಕೆಲಸ ಸಾಗಬಹುದು. ಆದರೂ ನನ್ನ ಸಲಹೆ ಕೇಳುವುದಾದರೆ, ನಕಲಿಸಿ ತಂದ ಫೋಲ್ಡರನ್ನು ಪಕ್ಕಕ್ಕಿಟ್ಟು ಕೀಲಿಗಳನ್ನು ಕ್ರಮವಾಗಿ ರಫ್ತು ಮಾಡಿ ಆಮದು ಮಾಡಿಕೊಳ್ಳಿ. ಒಂದು ವ್ಯವಸ್ಥೆಯ ಸಂರಚನೆಗಳು, ಅರೆಬರೆ ಬೀಗ-ಕಡತಗಳು, ಸಾಕೆಟ್‌ಗಳು ಇನ್ನೊಂದು ವ್ಯವಸ್ಥೆಗೆ ಅನಗತ್ಯವಾಗಿ ಬಂದು ಸೇರುವುದು ಒಳ್ಳೆಯದಲ್ಲ. ಅಲ್ಲದೆ 2.4 ಸರಣಿಯಲ್ಲಿ ಕೀಬಾಕ್ಸ್‌ಡಿ ಎಂಬ ಸೇವೆಯನ್ನು ಬಳಸುವ ಆಯ್ಕೆ ಆನ್ ಆಗಿದ್ದರೆ ಸಾರ್ವಜನಿಕ ಕೀಲಿಗಳು ಪಬ್‌ರಿಂಗ್ ಡಾಟ್ ಕೆಬಿಎಕ್ಸ್ ಕಡತದಲ್ಲಿ ಇರದೆ ಒಂದು ಎಸ್‌ಕ್ಯೂಲೈಟ್ ದತ್ತಸಂಚಯದಲ್ಲಿರುತ್ತವೆ. ಎರಡು ಯಂತ್ರಗಳಲ್ಲಿ ಈ ಆಯ್ಕೆ ಬೇರೆ ಬೇರೆಯಾಗಿದ್ದರೆ ಕೀಲಿಗಳು ಮಾಯವಾದಂತೆ ತೋರುತ್ತದೆ. ರಫ್ತು-ಆಮದಿನ ದಾರಿಯಲ್ಲಿ ಈ ಗೋಜಲುಗಳೇ ಇಲ್ಲ.

ಲಿನಕ್ಸ್ ಯಂತ್ರದಲ್ಲಿ ಎಕ್ಸ್‌ಪೋರ್ಟ್-ಸೀಕ್ರೆಟ್-ಕೀಸ್ ಆಯ್ಕೆಯಿಂದ ಖಾಸಗಿ ಕೀಲಿಯನ್ನೂ ಎಕ್ಸ್‌ಪೋರ್ಟ್ ಆಯ್ಕೆಯಿಂದ ಉಳಿದವರ ಸಾರ್ವಜನಿಕ ಕೀಲಿಗಳನ್ನೂ ಎಕ್ಸ್‌ಪೋರ್ಟ್-ಓನರ್‌ಟ್ರಸ್ಟ್ ಆಯ್ಕೆಯಿಂದ ನಂಬಿಕೆಯ ಪಟ್ಟಿಯನ್ನೂ ಬೇರೆ ಬೇರೆ ಕಡತಗಳಿಗೆ ಬರೆಯಿರಿ. ಅವನ್ನು ಎಸ್‌ಸಿಪಿಯಿಂದ, ಅಂದರೆ ಓಪನ್‌ಎಸ್‌ಎಸ್‌ಎಚ್ ಜೊತೆ ಬರುವ ಸುರಕ್ಷಿತವಾಗಿ ಕಡತ ಕಳುಹಿಸುವ ಆದೇಶದಿಂದ, ಕಳುಹಿಸಿ. ಓಪನ್‌ಎಸ್‌ಎಸ್‌ಎಚ್ ಅನ್ನು ಬೆಳೆಸುತ್ತಿರುವವರೇ ಓಪನ್‌ಬಿಎಸ್‌ಡಿ ಬಳಗದವರು, ಅದು ಮೂಲ ವ್ಯವಸ್ಥೆಯಲ್ಲೇ ಇದೆ. ಇಲ್ಲಿ ಇಂಪೋರ್ಟ್ ಮತ್ತು ಇಂಪೋರ್ಟ್-ಓನರ್‌ಟ್ರಸ್ಟ್ ಆಯ್ಕೆಗಳಿಂದ ಅವನ್ನು ಒಳಗೆ ತೆಗೆದುಕೊಳ್ಳಿ. ನಂಬಿಕೆಯ ಪಟ್ಟಿಯನ್ನು ತರದಿದ್ದರೆ ನಿಮ್ಮದೇ ಕೀಲಿಯ ಮುಂದೆ "ಅನ್‌ನೋನ್" ಎಂದು ಬರುತ್ತದೆ, ನಿಮಗೇ ನೀವು ಕಡತ ಎನ್‌ಕ್ರಿಪ್ಟ್ ಮಾಡಿಕೊಳ್ಳುವಾಗಲೂ ಪ್ರತಿ ಸಲ ಎಚ್ಚರಿಕೆ ಎದುರಾಗುತ್ತದೆ. ಡಾಟ್-ಗ್ನೂಪಿಜಿ ಫೋಲ್ಡರಿನ ಅನುಮತಿ 700, ಅಂದರೆ ನಿಮಗೊಬ್ಬರಿಗೇ ತೆರೆಯುವಂತೆ, ಇರಲಿ. ರಫ್ತು ಮಾಡಿದ ಖಾಸಗಿ ಕೀಲಿಯ ಕಡತ ನಿಮ್ಮ ಗುಪ್ತವಾಕ್ಯದಿಂದ ರಕ್ಷಿತವಾಗಿಯೇ ಇರುತ್ತದೆ, ಆದರೂ ಅದನ್ನು ಕೆಲಸ ಮುಗಿದ ಮೇಲೆ ಎರಡೂ ಕಡೆ ಉಳಿಸಬೇಡಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಪಿಕೆಜಿ_ಆ್ಯಡ್ ತರುವ ಪ್ಯಾಕೇಜುಗಳೆಲ್ಲ ಸಹಿ ಹಾಕಿದವು. ಆ ಸಹಿಯನ್ನು ಪರಿಶೀಲಿಸುವುದು ಗ್ನೂಪಿಜಿ ಅಲ್ಲ, 2014ರ 5.5 ಬಿಡುಗಡೆಯಿಂದ ಮೂಲ ವ್ಯವಸ್ಥೆಯಲ್ಲಿರುವ ಸಿಗ್ನಿಫೈ ಎಂಬ ಸಾಧನ. ಎಡ್25519 ಎಂಬ ಒಂದೇ ಸಹಿ ವಿಧಾನವನ್ನು ಬಲ್ಲ, ಎನ್‌ಕ್ರಿಪ್ಷನ್ ಮಾಡಲಾರದ ಬಹಳ ಚಿಕ್ಕ ಪ್ರೋಗ್ರಾಮ್ ಅದು. ಒಂದು ಬಿಡುಗಡೆಯೊಳಗೇ ಮುಂದಿನ ಬಿಡುಗಡೆಯ ಸಾರ್ವಜನಿಕ ಕೀಲಿಗಳನ್ನೂ ಇಟ್ಟು ಕೊಡುತ್ತಾರೆ. ಅವು ಇಟಿಸಿ ಒಳಗಿನ ಸಿಗ್ನಿಫೈ ಫೋಲ್ಡರಿನಲ್ಲಿವೆ. ಎನ್‌ಕ್ರಿಪ್ಷನ್ ತಂತ್ರಾಂಶವನ್ನು ಎಲ್ಲಿಂದಲೋ ಇಳಿಸಿಕೊಂಡು ಕೈಯಾರೆ ಕಂಪೈಲ್ ಮಾಡುವವರನ್ನು ಈಗಲೂ ನೋಡುತ್ತೇನೆ. ಸಹಿಯ ಈ ಸರಪಳಿ ಸಿದ್ಧವಾಗಿರುವಾಗ ಅದರ ಹೊರಗೆ ಹೋಗಲು ಬಲವಾದ ಕಾರಣ ಇರಬೇಕು.


ಪ್ರಶ್ನೆ ಕೇಳಿದವರು

ತುಂಬ ಧನ್ಯವಾದಗಳು. ನೀವು ಹೇಳಿದ ಸಾಲು ಆ ಕಡತದಲ್ಲಿ ಹಾಗೆಯೇ ಇತ್ತು. ಹಳೆಯ ಫೋಲ್ಡರನ್ನು ಬೇರೆ ಹೆಸರಿಗೆ ಸರಿಸಿ, ಕೀಲಿಗಳನ್ನು ಕ್ರಮವಾಗಿ ಆಮದು ಮಾಡಿಕೊಂಡೆ. ಈಗ ಜಿಪಿಜಿಗೆ ಕಡತದ ಹೆಸರನ್ನು ಕೊಟ್ಟು ಡಿಕ್ರಿಪ್ಟ್ ಮಾಡಿದರೆ ಗುಪ್ತವಾಕ್ಯ ಕೇಳುವ ಚೌಕಟ್ಟು ಬರುತ್ತದೆ, ಕಡತವೂ ತೆರೆಯುತ್ತದೆ.

ಆದರೆ ನನ್ನ ಹಳೆಯ ಸ್ಕ್ರಿಪ್ಟ್ ಒಂದು ಕಡತಗಳ ಕಟ್ಟನ್ನು ಪೈಪ್ ಮೂಲಕ, ಅಂದರೆ ಒಂದು ಆದೇಶದ ಫಲಿತಾಂಶವನ್ನು ನೇರವಾಗಿ ಇನ್ನೊಂದಕ್ಕೆ ಕೊಟ್ಟು, ಜಿಪಿಜಿಗೆ ಕಳುಹಿಸುತ್ತದೆ. ಅದನ್ನು ಓಡಿಸಿದಾಗ ಮಾತ್ರ "ಇನ್ಅಪ್ರೋಪ್ರಿಯೇಟ್ ಐಯೋಕಂಟ್ರೋಲ್ ಫಾರ್ ಡಿವೈಸ್" ಎಂಬ ದೋಷ ಬರುತ್ತದೆ. ವಿಚಿತ್ರವೆಂದರೆ, ಅದಕ್ಕೂ ಮೊದಲು ಒಂದು ಕಡತವನ್ನು ನೇರವಾಗಿ ತೆರೆದಿದ್ದರೆ ಅದೇ ಸ್ಕ್ರಿಪ್ಟ್ ಸ್ವಲ್ಪ ಹೊತ್ತಿನವರೆಗೆ ಸರಿಯಾಗಿ ನಡೆಯುತ್ತದೆ.

ಇನ್ನೊಂದು ವಿಷಯ: ನನ್ನ ಗುಪ್ತವಾಕ್ಯ ಕನ್ನಡ ಲಿಪಿಯಲ್ಲಿದೆ. ಎಕ್ಸ್ ಎಂಬ ಚಿತ್ರಾತ್ಮಕ ಪರದೆಯ ಕಿಟಕಿಗಳಲ್ಲಿ ಕನ್ನಡ ಕೀಲಿಮಣೆ ಹೊಂದಿಸಿಕೊಂಡು ಟೈಪಿಸಲು ಸಾಧ್ಯವಾಗಿದೆ. ಎಕ್ಸ್ ಇಲ್ಲದ ಬರಿಯ ಕನ್ಸೋಲಿನಲ್ಲಿ ಸಾಧ್ಯವಾಗುತ್ತಿಲ್ಲ.


ಉತ್ತರ 2

ಪೈಪಿನ ಸಮಸ್ಯೆಗೆ ನಾನು ಉತ್ತರಿಸುತ್ತೇನೆ. ಪಿನ್‌ಎಂಟ್ರಿ-ಕರ್ಸಸ್ ತನ್ನ ಚೌಕಟ್ಟನ್ನು ಬರೆಯಬೇಕಾದರೆ ಯಾವ ಟರ್ಮಿನಲ್‌ನಲ್ಲಿ ಬರೆಯಬೇಕೆಂಬುದು ಅದಕ್ಕೆ ತಿಳಿಯಬೇಕು. ಜಿಪಿಜಿ_ಟಿಟಿವೈ ಎಂಬ ಪರಿಸರ ಚರದಲ್ಲಿ ಆ ಹೆಸರು ಇದ್ದರೆ ಜಿಪಿಜಿ ಅದನ್ನು ಏಜೆಂಟಿಗೆ ದಾಟಿಸುತ್ತದೆ. ಇಲ್ಲದಿದ್ದರೆ ತನ್ನ ಸ್ಟ್ಯಾಂಡರ್ಡ್ ಇನ್‌ಪುಟ್ ಯಾವ ಟರ್ಮಿನಲ್ಲಿಗೆ ಸೇರಿದೆಯೆಂದು ನೋಡಿ ಊಹಿಸುತ್ತದೆ. ಕಡತದ ಹೆಸರನ್ನು ಕೊಟ್ಟಾಗ ಇನ್‌ಪುಟ್ ನಿಮ್ಮ ಟರ್ಮಿನಲ್ಲೇ ಆಗಿರುವುದರಿಂದ ಊಹೆ ಸರಿಹೋಗುತ್ತದೆ. ಪೈಪ್ ಬಳಸಿದಾಗ ಇನ್‌ಪುಟ್ ಎಂಬುದು ಪೈಪ್ ಆಗಿಬಿಡುತ್ತದೆ, ಪೈಪಿಗೆ ಟರ್ಮಿನಲ್‌ನ ಹೆಸರಿಲ್ಲ, ಆದ್ದರಿಂದ ಆ ದೋಷ.

ಮೊದಲು ಒಂದು ಕಡತ ತೆರೆದಿದ್ದರೆ ಸ್ಕ್ರಿಪ್ಟ್ ನಡೆಯುವುದು ಏಜೆಂಟ್ ಗುಪ್ತವಾಕ್ಯವನ್ನು ನೆನಪಿನಲ್ಲಿ ಇಟ್ಟುಕೊಂಡಿರುವುದರಿಂದ. ಪೂರ್ವನಿಯೋಜಿತವಾಗಿ ಕೊನೆಯ ಬಳಕೆಯಿಂದ 600 ಸೆಕೆಂಡುಗಳವರೆಗೆ ಅದು ಉಳಿಯುತ್ತದೆ. ನಡುನಡುವೆ ಬಳಸುತ್ತಲೇ ಇದ್ದರೂ 7200 ಸೆಕೆಂಡುಗಳಾದ ಮೇಲೆ ಮತ್ತೆ ಕೇಳುತ್ತದೆ. ಸಂರಚನಾ ಕಡತದಲ್ಲಿ ಡೀಫಾಲ್ಟ್-ಕ್ಯಾಶ್-ಟಿಟಿಎಲ್, ಮ್ಯಾಕ್ಸ್-ಕ್ಯಾಶ್-ಟಿಟಿಎಲ್ ಎಂಬ ಸಾಲುಗಳಿಂದ ಇವನ್ನು ಬದಲಿಸಬಹುದು. ವೈದ್ಯಕೀಯ ದಾಖಲೆಗಳಿರುವ ಯಂತ್ರದಲ್ಲಿ ಈ ಅವಧಿಯನ್ನು ಹೆಚ್ಚಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಪರಿಹಾರವಾಗಿ ಜಿಪಿಜಿ_ಟಿಟಿವೈ ಚರಕ್ಕೆ ಟಿಟಿವೈ ಆದೇಶದ ಫಲಿತಾಂಶವನ್ನು ಕೊಟ್ಟು ಎಕ್ಸ್‌ಪೋರ್ಟ್ ಮಾಡಬೇಕು. ಈ ಸಾಲನ್ನು ಎಲ್ಲಿ ಬರೆಯಬೇಕೆಂಬುದರಲ್ಲಿ ಲಿನಕ್ಸಿನಿಂದ ಬಂದವರು ಎಡವುತ್ತಾರೆ. ಓಪನ್‌ಬಿಎಸ್‌ಡಿಯ ಪೂರ್ವನಿಯೋಜಿತ ಶೆಲ್ ಬ್ಯಾಶ್ ಅಲ್ಲ, ಕೆಎಸ್‌ಎಚ್. ಡಾಟ್-ಪ್ರೊಫೈಲ್ ಕಡತವನ್ನು ಅದು ಲಾಗಿನ್ ಆಗುವಾಗ ಮಾತ್ರ ಓದುತ್ತದೆ. ಅಲ್ಲಿ ಬರೆದರೆ ಲಾಗಿನ್ ಆದ ಟರ್ಮಿನಲ್‌ನ ಹೆಸರೇ ಚರದಲ್ಲಿ ಗಟ್ಟಿಯಾಗಿ ಕುಳಿತುಬಿಡುತ್ತದೆ. ನೀವು ಆಮೇಲೆ ತೆರೆಯುವ ಪ್ರತಿಯೊಂದು ಎಕ್ಸ್‌ಟರ್ಮ್ ಕಿಟಕಿಗೂ ಬೇರೆ ಹೆಸರಿರುವುದರಿಂದ ಚೌಕಟ್ಟು ಬೇರೆಲ್ಲೋ ಮೂಡುತ್ತದೆ ಅಥವಾ ಮೂಡುವುದೇ ಇಲ್ಲ. ಆದ್ದರಿಂದ ಡಾಟ್-ಪ್ರೊಫೈಲ್‌ನಲ್ಲಿ ಇಎನ್‌ವಿ ಎಂಬ ಚರಕ್ಕೆ ಹೋಮ್ ಫೋಲ್ಡರಿನ ಡಾಟ್-ಕೆಎಸ್‌ಎಚ್‌ಆರ್‌ಸಿ ಕಡತದ ವಿಳಾಸವನ್ನು ಕೊಟ್ಟು ಎಕ್ಸ್‌ಪೋರ್ಟ್ ಮಾಡಿ, ಜಿಪಿಜಿ_ಟಿಟಿವೈ ಸಾಲನ್ನು ಆ ಎರಡನೆಯ ಕಡತದಲ್ಲಿ ಬರೆಯಿರಿ. ಸಂವಾದಿ ಶೆಲ್ ತೆರೆದಾಗಲೆಲ್ಲ ಅದು ಓದಲ್ಪಟ್ಟು ಆಯಾ ಕಿಟಕಿಯ ಹೆಸರೇ ಚರಕ್ಕೆ ಸೇರುತ್ತದೆ. ಗ್ರಾಫಿಕಲ್ ಲಾಗಿನ್ ಆದ ಕ್ಸೆನೋಡಿಎಂ ಬಳಸುವವರಾದರೆ ಡಾಟ್-ಎಕ್ಸ್‌ಸೆಷನ್ ಕಡತದ ಆರಂಭದಲ್ಲಿ ಡಾಟ್-ಪ್ರೊಫೈಲ್ ಅನ್ನು ಓದಿಸಿಕೊಳ್ಳಿ, ಇಲ್ಲವಾದರೆ ಇಎನ್‌ವಿ ಚರ ಕಿಟಕಿಗಳವರೆಗೆ ತಲುಪುವುದಿಲ್ಲ.


ಉತ್ತರ 3

ಡಿಸ್ಕಿನ ಪ್ರಶ್ನೆ ಹಾಗೆಯೇ ಉಳಿದಿದೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಲ್ಯಾಪ್‌ಟಾಪ್ ಆದ್ದರಿಂದ ಡಿಸ್ಕಿನ ಎನ್‌ಕ್ರಿಪ್ಷನ್ ಬೇಕೇ ಬೇಕು, ಗ್ನೂಪಿಜಿ ಅದರ ಕೆಲಸವನ್ನು ಮಾಡುವುದಿಲ್ಲ.

ನೀವು ಒಂದು ವರದಿಯನ್ನು ಓದಲೆಂದು ಡಿಕ್ರಿಪ್ಟ್ ಮಾಡಿ ಪಿಡಿಎಫ್ ತೋರಿಸುವ ಪ್ರೋಗ್ರಾಮಿಗೆ ಕೊಡುತ್ತೀರಿ. ಆ ಕ್ಷಣದಲ್ಲಿ ತೆರೆದ ರೂಪದ ಒಂದು ಪ್ರತಿ ಡಿಸ್ಕಿಗೆ ಬರೆಯಲ್ಪಡುತ್ತದೆ. ಎಡಿಟರ್ ತನ್ನ ತಾತ್ಕಾಲಿಕ ಕಡತವನ್ನು ಬರೆಯುತ್ತದೆ, ಇತ್ತೀಚೆಗೆ ತೆರೆದ ಕಡತಗಳ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಬ್ರೌಸರಿನ ಕ್ಯಾಶ್ ಬೇರೆ. ಅಳಿಸಿದ ಮಾತ್ರಕ್ಕೆ ಅವು ಹೋಗುವುದಿಲ್ಲ; ಎಸ್‌ಎಸ್‌ಡಿಗಳಲ್ಲಂತೂ ಮೇಲೆ ಮೇಲೆ ಬರೆದರೂ ಹಳೆಯ ಮಾಹಿತಿ ಒಳಗಿನ ಬೇರೆ ಕೋಶಗಳಲ್ಲಿ ಉಳಿದಿರಬಹುದು. ಓಪನ್‌ಬಿಎಸ್‌ಡಿ ಸ್ವಾಪ್ ಜಾಗವನ್ನು (ನೆನಪು ಸಾಲದಾದಾಗ ಬಳಸುವ ಡಿಸ್ಕಿನ ಭಾಗವನ್ನು) ಪೂರ್ವನಿಯೋಜಿತವಾಗಿಯೇ ಎನ್‌ಕ್ರಿಪ್ಟ್ ಮಾಡುತ್ತದೆಯಾದ್ದರಿಂದ ಆ ಒಂದು ಬಾಗಿಲು ಮುಚ್ಚಿದೆ, ಉಳಿದವು ತೆರೆದಿವೆ. ಯಂತ್ರ ಕಳುವಾದರೆ ಅಥವಾ ದುರಸ್ತಿಗೆ ಬೇರೆಯವರ ಕೈಗೆ ಹೋದರೆ ಇವುಗಳಿಂದ ನಿಮ್ಮನ್ನು ಕಾಪಾಡುವುದು ಡಿಸ್ಕಿನ ಎನ್‌ಕ್ರಿಪ್ಷನ್ ಮಾತ್ರ. ಅದರ ಮಿತಿಯನ್ನೂ ತಿಳಿದಿರಬೇಕು. ಯಂತ್ರ ಪೂರ್ತಿ ಆಫ್ ಆಗಿರುವಾಗಷ್ಟೇ ಅದು ಕಾಪಾಡುತ್ತದೆ. ಮುಚ್ಚಳ ಮುಚ್ಚಿ ನಿದ್ರಾಸ್ಥಿತಿಯಲ್ಲಿಟ್ಟಿದ್ದರೆ ಡಿಸ್ಕಿನ ಕೀಲಿ ರ‍್ಯಾಮ್‌ನಲ್ಲಿ ಇದ್ದೇ ಇರುತ್ತದೆ. ಪ್ರಯಾಣದ ವೇಳೆ ಯಂತ್ರವನ್ನು ಆಫ್ ಮಾಡಿಯೇ ಒಯ್ಯಿರಿ.

ನಡೆಯುತ್ತಿರುವ ವ್ಯವಸ್ಥೆಯನ್ನು ಇದ್ದ ಹಾಗೆಯೇ ಎನ್‌ಕ್ರಿಪ್ಟ್ ಮಾಡಲು ಇಲ್ಲಿ ದಾರಿಯಿಲ್ಲ. ಬ್ಯಾಕಪ್ ತೆಗೆದು ಮತ್ತೆ ಅನುಸ್ಥಾಪಿಸಬೇಕು. ಮೊದಲು ಇದಕ್ಕೆ ಶೆಲ್‌ಗೆ ಹೋಗಿ ಕೈಯಾರೆ ಹಲವು ಆದೇಶಗಳನ್ನು ಕೊಡಬೇಕಿತ್ತು, 2023ರ 7.3 ಬಿಡುಗಡೆಯಿಂದ ನೀವು ಕಂಡ ಆ ಪ್ರಶ್ನೆಗೆ ಒಪ್ಪಿ ಗುಪ್ತವಾಕ್ಯ ಕೊಟ್ಟರೆ ಉಳಿದದ್ದನ್ನು ಅನುಸ್ಥಾಪಕವೇ ನೋಡಿಕೊಳ್ಳುತ್ತದೆ. ಅದಕ್ಕೂ ಮುನ್ನ ಯಂತ್ರದ ವಿವರಗಳನ್ನು ತೋರಿಸುವ ಡಿಮೆಸೇಜ್ (ಟೈಪಿಸುವುದು ಡಿ-ಎಂ-ಇ-ಎಸ್-ಜಿ) ಆದೇಶದ ಫಲಿತಾಂಶದಲ್ಲಿ ಸಿಪಿಯು ಸೊನ್ನೆ ಎಂಬ ಸಾಲಿನ ಗುಣಗಳ ಪಟ್ಟಿಯಲ್ಲಿ ಎಇಎಸ್ ಎಂಬುದು, ಅಂದರೆ ಎನ್‌ಕ್ರಿಪ್ಷನ್ ಅನ್ನು ವೇಗಗೊಳಿಸುವ ಸೌಲಭ್ಯ, ಇದೆಯೇ ನೋಡಿ. ಇದ್ದರೆ ವೇಗದ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ನಿಮ್ಮದು ಹಳೆಯ ಯಂತ್ರವೆಂದಿರಿ. ಪ್ರೊಸೆಸರಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ದೊಡ್ಡ ಕಡತಗಳನ್ನು ನಕಲಿಸುವಾಗ ನಿಧಾನವಾಗುವುದು ಅನುಭವಕ್ಕೆ ಬರುತ್ತದೆ. ಹಾಗಿದ್ದರೂ ನಾನು ಎನ್‌ಕ್ರಿಪ್ಷನ್ ಅನ್ನೇ ಆರಿಸುತ್ತೇನೆ.

ಯುಎಸ್‌ಬಿ ಡಿಸ್ಕಿನ ಕೆಲಸವನ್ನು ಮಾತ್ರ ಈಗಲೂ ಕೈಯಿಂದಲೇ ಮಾಡಬೇಕು, ಇಲ್ಲಿ ಅವಸರ ಸಲ್ಲದು. ಡಿಸ್ಕನ್ನು ಸಿಕ್ಕಿಸಿದ ಕೂಡಲೇ ಡಿಮೆಸೇಜ್‌ನ ಕೊನೆಯ ಸಾಲುಗಳಲ್ಲಿ ಅದಕ್ಕೆ ಯಾವ ಹೆಸರು ಬಂದಿದೆಯೆಂದು ನೋಡಿ. ಅದು ಎಸ್‌ಡಿ2 ಎಂದಿಟ್ಟುಕೊಳ್ಳೋಣ. ಎಫ್‌ಡಿಸ್ಕ್‌ನಿಂದ ಅದನ್ನು ಹೊಸದಾಗಿ ಸಿದ್ಧಪಡಿಸಿ, ಡಿಸ್ಕ್‌ಲೇಬಲ್‌ನಿಂದ ಎ ಎಂಬ ವಿಭಾಗ ಮಾಡುವಾಗ ಅದರ ಕಡತ ವ್ಯವಸ್ಥೆಯ ಬಗೆ ಎಂದಿನ 4.2ಬಿಎಸ್‌ಡಿ ಆಗಿರದೆ ರೇಡ್ ಎಂದಿರಬೇಕು. ಆಮೇಲೆ ಡಿಸ್ಕಿನ ಎನ್‌ಕ್ರಿಪ್ಷನ್ ಹೊಂದಿಸುವ ಬಯೋಸಿಟಿಎಲ್ ಆದೇಶಕ್ಕೆ ಸಣ್ಣ ಸಿ ಆಯ್ಕೆಯ ಮುಂದೆ ದೊಡ್ಡ ಸಿ, ಎಲ್ ಆಯ್ಕೆಯ ಮುಂದೆ ಎಸ್‌ಡಿ2ಎ, ಕೊನೆಗೆ ಸಾಫ್ಟ್‌ರೇಡ್0 ಎಂದು ಕೊಡಿ. ಗುಪ್ತವಾಕ್ಯವನ್ನು ಎರಡು ಸಲ ಕೇಳಿ, ಹೊಸದೊಂದು ಡಿಸ್ಕ್ ಸೇರಿಕೊಂಡಿತೆಂದು ತಿಳಿಸುತ್ತದೆ. ಅದು ಎಸ್‌ಡಿ3 ಎಂದಾದರೆ, ಇನ್ನು ಮುಂದೆ ನಿಮ್ಮ ವ್ಯವಹಾರವೆಲ್ಲ ಎಸ್‌ಡಿ3ರ ಜೊತೆಗೆ. ಅದರ ಮೊದಲ ಒಂದು ಮೆಗಾಬೈಟನ್ನು ಡಿಡಿ ಆದೇಶದಿಂದ ಸೊನ್ನೆಗಳಿಂದ ತುಂಬಿ, ಮತ್ತೆ ಎಫ್‌ಡಿಸ್ಕ್, ಡಿಸ್ಕ್‌ಲೇಬಲ್, ನ್ಯೂಎಫ್‌ಎಸ್ ಮಾಡಿ ಮೌಂಟ್ ಮಾಡಿಕೊಳ್ಳಿ. ಡಿಡಿ ಓಡಿಸುವ ಮುನ್ನ ಅಂಕಿಯನ್ನು ಮತ್ತೊಮ್ಮೆ ಓದಿ. 3ರ ಬದಲು 2 ಎಂದು ಬರೆದರೆ ಈಗಷ್ಟೇ ಮಾಡಿದ ಎನ್‌ಕ್ರಿಪ್ಷನ್‌ನ ತಲೆಭಾಗ ಅಳಿಯುತ್ತದೆ, 0 ಎಂದು ಬರೆದರೆ ನಿಮ್ಮ ಮೂಲ ವ್ಯವಸ್ಥೆಯೇ ಹೋಗುತ್ತದೆ.

ಬಳಸಿ ಮುಗಿದ ಮೇಲೆ ಅನ್‌ಮೌಂಟ್ ಮಾಡಿ, ಬಯೋಸಿಟಿಎಲ್‌ಗೆ ಡಿ ಆಯ್ಕೆಯೊಡನೆ ಎಸ್‌ಡಿ3 ಎಂದು ಕೊಟ್ಟು ಬೇರ್ಪಡಿಸಿದ ನಂತರವೇ ಡಿಸ್ಕನ್ನು ಕೀಳಿ. ಮುಂದಿನ ಸಲ ತೆರೆಯಲು ಹಿಂದಿನ ಅದೇ ಬಯೋಸಿಟಿಎಲ್ ಆದೇಶ ಸಾಕು. ವಿಭಾಗದ ಆರಂಭದಲ್ಲಿ ತನ್ನ ಗುರುತು ಇರುವುದನ್ನು ಕಂಡು ಅದು ಹೊಸದಾಗಿ ಸೃಷ್ಟಿಸದೆ ಇರುವುದನ್ನೇ ತೆರೆಯುತ್ತದೆ, ಗುಪ್ತವಾಕ್ಯ ತಪ್ಪಾದರೆ ತಪ್ಪೆಂದು ಹೇಳುತ್ತದೆ. ದೊಡ್ಡ ಪಿ ಆಯ್ಕೆಯಿಂದ ಗುಪ್ತವಾಕ್ಯವನ್ನು ಬದಲಿಸಬಹುದು. ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡುವ ನಿಜವಾದ ಕೀಲಿಗಳು ಆರಂಭದ ಆ ಭಾಗದಲ್ಲೇ ಗುಪ್ತವಾಕ್ಯದ ರಕ್ಷಣೆಯೊಳಗೆ ಇರುವುದರಿಂದ ಬದಲಾವಣೆ ಕ್ಷಣದಲ್ಲಿ ಆಗುತ್ತದೆ, ಡಿಸ್ಕಿನ ಮಾಹಿತಿಯನ್ನೆಲ್ಲ ಮತ್ತೆ ಬರೆಯಬೇಕಾಗುವುದಿಲ್ಲ. ಅದೇ ಕಾರಣಕ್ಕೆ ಆ ಭಾಗ ಹಾಳಾದರೆ ಸರಿಯಾದ ಗುಪ್ತವಾಕ್ಯ ಗೊತ್ತಿದ್ದರೂ ಒಂದಕ್ಷರವೂ ಮರಳಿ ಸಿಗುವುದಿಲ್ಲ.

ಹೀಗೆ ಮಾಡಿದ ಡಿಸ್ಕನ್ನು ಲಿನಕ್ಸ್ ಆಗಲಿ ವಿಂಡೋಸ್ ಆಗಲಿ ತೆರೆಯಲಾರವು. ಬ್ಯಾಕಪ್ಪನ್ನು ಬೇರೆ ಯಂತ್ರಗಳಲ್ಲೂ ಓದುವ ಅಗತ್ಯವಿದ್ದರೆ ಡಿಸ್ಕನ್ನು ಸಾಮಾನ್ಯ ಫ್ಯಾಟ್ ರೂಪದಲ್ಲೇ ಇಟ್ಟು, ಕಡತಗಳ ಕಟ್ಟನ್ನು ಗ್ನೂಪಿಜಿಯಿಂದ ಎನ್‌ಕ್ರಿಪ್ಟ್ ಮಾಡಿ ಅದರಲ್ಲಿ ಹಾಕುವುದು ಮೇಲು. ಲಿನಕ್ಸ್ ಯಂತ್ರವನ್ನು ನೀವು ಇನ್ನೂ ಬಿಟ್ಟಿಲ್ಲವಾದ್ದರಿಂದ ಸದ್ಯಕ್ಕೆ ಈ ಎರಡನೆಯ ಕ್ರಮವೇ ಹೊಂದುತ್ತದೆಂದು ನನಗನಿಸುತ್ತದೆ.


ಉತ್ತರ 4

ಕನ್ನಡ ಲಿಪಿಯ ಗುಪ್ತವಾಕ್ಯದ ಬಗೆಗೆ ಯಾರೂ ಹೇಳಿಲ್ಲ, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಮರುಅನುಸ್ಥಾಪಿಸುವ ಮುನ್ನ ಇದನ್ನು ದಯವಿಟ್ಟು ಓದಿ.

ಯಂತ್ರ ಆನ್ ಆದಾಗ ಡಿಸ್ಕಿನ ಗುಪ್ತವಾಕ್ಯವನ್ನು ಕೇಳುವುದು ಬೂಟ್‌ಲೋಡರ್, ಅಂದರೆ ವ್ಯವಸ್ಥೆಯನ್ನು ಶುರುಮಾಡುವ ಪುಟ್ಟ ಪ್ರೋಗ್ರಾಮ್. ಆ ಹಂತದಲ್ಲಿ ಕನ್ನಡ ಕೀಲಿಮಣೆಯೂ ಇಲ್ಲ, ಬೇರಾವ ಕೀಲಿಮಣೆಯ ವಿನ್ಯಾಸವೂ ಇಲ್ಲ. ಅಮೆರಿಕನ್ ಇಂಗ್ಲಿಷ್ ವಿನ್ಯಾಸ ಮಾತ್ರ. ಆದ್ದರಿಂದ ಡಿಸ್ಕಿಗೆ ಆ ವಿನ್ಯಾಸದಲ್ಲಿ ಟೈಪಿಸಬಹುದಾದ ಅಕ್ಷರಗಳನ್ನೇ ಬಳಸಬೇಕು. ಕನ್ನಡದ ಪದಗಳೇ ನೆನಪಿನಲ್ಲಿ ಉಳಿಯುತ್ತವೆಂದಾದರೆ, ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಒಂದೇ ಕಾಗುಣಿತಕ್ಕೆ ಕಟ್ಟುಬೀಳಿ. ಗಾದೆ, ವಚನ, ಹಾಡಿನ ಸಾಲು ಬೇಡ; ಊಹಿಸುವವರು ಮೊದಲು ಹುಡುಕುವುದು ಅವನ್ನೇ.

ಗ್ನೂಪಿಜಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕನ್ಸೋಲಿನಲ್ಲಿ ಕನ್ನಡ ಮೂಡುವುದಿಲ್ಲ ಎಂಬುದು ನೀವೇ ಕಂಡ ತೊಂದರೆ. ಕಿಟಕಿಯಲ್ಲಿ ಮೂಡಿದರೂ ಅಪಾಯ ಇದ್ದೇ ಇದೆ. ಗುಪ್ತವಾಕ್ಯವನ್ನು ಹೋಲಿಸುವಾಗ ಗ್ನೂಪಿಜಿ ಅಕ್ಷರದ ಆಕಾರವನ್ನು ನೋಡುವುದಿಲ್ಲ, ಬೈಟ್‌ಗಳನ್ನು ನೋಡುತ್ತದೆ. "ಕೊ" ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ. ಇದರ ಒಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಆಗ ಯುಟಿಎಫ್-8ರಲ್ಲಿ ಆ ಸ್ವರಚಿಹ್ನೆಗೆ 3 ಬೈಟ್. ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು, ಆಗ 6 ಬೈಟ್. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಅರ್ಧಾಕ್ಷರಗಳನ್ನು ಬಿಡಿಸಿ ತೋರಿಸಲು ನಡುವೆ ಸೇರಿಸುವ ಅಗಲವಿಲ್ಲದ ಚಿಹ್ನೆಯಂತೂ ಕಣ್ಣಿಗೆ ಕಾಣುವಂಥದ್ದೇ ಅಲ್ಲ. ಒಂದು ಕೀಲಿಮಣೆ ತಂತ್ರಾಂಶ ಅದನ್ನು ತಾನಾಗಿ ಸೇರಿಸಬಹುದು, ಇನ್ನೊಂದು ಸೇರಿಸದಿರಬಹುದು. ಲಿನಕ್ಸಿನಲ್ಲಿ ಬಳಸಿದ ಕೀಲಿಮಣೆ ಒಂದಾಗಿ ಇಲ್ಲಿನದು ಮತ್ತೊಂದಾದರೆ, ಅದೇ ವಾಕ್ಯವನ್ನು ಸರಿಯಾಗಿಯೇ ಟೈಪಿಸಿದರೂ ಗ್ನೂಪಿಜಿ ತಪ್ಪೆನ್ನುತ್ತದೆ. ಗುಪ್ತವಾಕ್ಯದ ಅಕ್ಷರಗಳು ಪರದೆಯ ಮೇಲೆ ಕಾಣದಿರುವುದರಿಂದ ತಪ್ಪು ಎಲ್ಲಿದೆಯೆಂದು ಕಂಡುಹಿಡಿಯುವುದೂ ಕಷ್ಟ.

ನಿಮ್ಮ ಕನ್ನಡ ವಾಕ್ಯ ಈಗ ಎರಡೂ ಕಡೆ ಕೆಲಸ ಮಾಡುತ್ತಿದೆಯೆಂದರೆ ಬದಲಿಸಿಕೊಳ್ಳಲು ಇದೇ ಸರಿಯಾದ ಸಮಯ. ಜಿಪಿಜಿಗೆ ಚೇಂಜ್-ಪಾಸ್‌ಫ್ರೇಸ್ ಆಯ್ಕೆಯ ಜೊತೆ ನಿಮ್ಮ ಕೀಲಿಯ ಗುರುತನ್ನು ಕೊಟ್ಟರೆ ಹಳೆಯದನ್ನು ಕೇಳಿ, ಹೊಸದನ್ನು ಪಡೆದುಕೊಳ್ಳುತ್ತದೆ. ಎರಡು ಯಂತ್ರಗಳಲ್ಲಿರುವ ಪ್ರತಿಗಳು ಬೇರೆ ಬೇರೆಯಾದ್ದರಿಂದ ಇದನ್ನು ಎರಡೂ ಕಡೆ ಮಾಡಬೇಕು. ಸಾರ್ವಜನಿಕ ಕೀಲಿಗೆಂದು ಎನ್‌ಕ್ರಿಪ್ಟ್ ಮಾಡಿದ ಕಡತಗಳಿಗೆ ಇದರಿಂದ ಏನೂ ಆಗುವುದಿಲ್ಲ, ಏಕೆಂದರೆ ಗುಪ್ತವಾಕ್ಯ ಕಾಯುವುದು ಖಾಸಗಿ ಕೀಲಿಯನ್ನು, ಕಡತವನ್ನಲ್ಲ. ಆದರೆ ಕೀಲಿಯಿಲ್ಲದೆ ಬರಿಯ ಗುಪ್ತವಾಕ್ಯದಿಂದ, ಅಂದರೆ ಸಿಮೆಟ್ರಿಕ್ ಆಯ್ಕೆಯಿಂದ, ಎನ್‌ಕ್ರಿಪ್ಟ್ ಮಾಡಿದ ಹಳೆಯ ಕಡತಗಳಿದ್ದರೆ ಅವಕ್ಕೆ ಈ ಬದಲಾವಣೆ ತಾಗುವುದಿಲ್ಲ. ಅವು ಆಗಿನ ಕನ್ನಡ ವಾಕ್ಯವನ್ನೇ ಕೇಳುತ್ತವೆ. ಅಂಥವನ್ನು ಲಿನಕ್ಸ್ ಯಂತ್ರದಲ್ಲಿ, ಅವನ್ನು ಮಾಡುವಾಗ ಬಳಸಿದ ಕೀಲಿಮಣೆಯಿಂದಲೇ ತೆರೆದು, ನಿಮ್ಮ ಸಾರ್ವಜನಿಕ ಕೀಲಿಗೆ ಮತ್ತೆ ಎನ್‌ಕ್ರಿಪ್ಟ್ ಮಾಡಿ ಇಲ್ಲಿಗೆ ತನ್ನಿ. ಅವುಗಳಲ್ಲಿ ಒಂದೊಂದನ್ನೂ ಓಪನ್‌ಬಿಎಸ್‌ಡಿಯಲ್ಲಿ ತೆರೆದು ನೋಡಿ ಖಚಿತಪಡಿಸಿಕೊಳ್ಳುವವರೆಗೆ ಲಿನಕ್ಸ್ ಯಂತ್ರದ ಡಿಸ್ಕನ್ನು ಅಳಿಸಬೇಡಿ.